ಮೂರನೇ ನಂಬರಿನ ಮನೆಗಳು

2020ರ ಫೆಬ್ರವರಿ. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ನ್ಯಾಶುವಾದಲ್ಲಿ ನಾನು, ಡೆಮಾಕ್ರಟಿಕ್ ಪಕ್ಷದ ಟಿಕೆಟ್‌ಗೆ ಸ್ಪರ್ಧಿಸಿದ್ದ ಪೀಟ್ ಬುಟಿಜೆಜ್ ಪರ ಮನೆಮನೆ ಬಾಗಿಲು ತಟ್ಟುತ್ತಿದ್ದೆ. ಅಮೆರಿಕದ ಪೌರತ್ವ ಸಿಕ್ಕ ಮೇಲೆ ಅದು ನನ್ನ ಮೊದಲ ಪ್ರೈಮರಿ. ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಟಿಕೆಟ್ ಯಾರಿಗೆ ಅಂತ ಮತದಾರರೇ ಹೇಳುವ ಚುನಾವಣೆ ಅದು. ನಮ್ಮೂರಲ್ಲಿ ಅದನ್ನು ಹೈಕಮಾಂಡ್ ನೋಡಿಕೊಳ್ಳುತ್ತದೆ, ಅಲ್ವಾ?

ಯಾವ ಬೀದಿ, ಯಾವ ಮನೆ, ಒಳಗೆ ಯಾರ್‍ಯಾರಿಗೆ ಓಟಿದೆ, ಎಲ್ಲವೂ ಮೊಬೈಲಿನ ಮಿನಿವ್ಯಾನ್ ಆ್ಯಪ್‌ನಲ್ಲಿತ್ತು. ಮಾತಾಡಿ ಹೊರಬಂದ ಮೇಲೆ ಒಂದರಿಂದ ಐದರ ತನಕ ಒಂದು ನಂಬರ್ ಒತ್ತಬೇಕು. ಒಂದು ಅಂದರೆ ಗಟ್ಟಿಯಾಗಿ ನಮ್ಮವರು. ಐದು ಅಂದರೆ ನಮಸ್ಕಾರ ಹೇಳಿ ಮುಂದಿನ ಮನೆ. ಮೂರು ಅಂದರೆ ಇನ್ನೂ ತೀರ್ಮಾನಿಸದವರು, ಕೆಲಸ ಇರುವುದೆಲ್ಲ ಅಲ್ಲಿ.

ಮೊದಲ ವಾರ ಆರೋಗ್ಯ ವಿಮೆಯ ಬಗ್ಗೆ ಭಾಷಣ ಬಿಗಿದೆ. ಚಳಿಯಲ್ಲಿ ಬಾಗಿಲು ತೆರೆದು ನಿಂತವರು ಪಾಪ, ಎಷ್ಟು ಕೇಳಿಯಾರು? ಜೊತೆಗಿದ್ದ ಹಿರಿಯರೊಬ್ಬರು ಹೇಳಿದರು: ಯಾರ ಬಗ್ಗೆ ಯೋಚಿಸುತ್ತಿದ್ದೀರಿ ಅಂತ ಕೇಳು, ಆಮೇಲೆ ಸುಮ್ನಿರು.

ಸುಮ್ಮನಿದ್ದಾಗಲೇ ಗೊತ್ತಾಗಿದ್ದು, ನಮ್ಮ ದೇಶದವರ ಮನೆಗಳಲ್ಲಿ ತೊಡಕು ಬೇರೆಯೇ ಇತ್ತು. “ನಾವು ಯಾವ ಪಕ್ಷದಲ್ಲೂ ಹೆಸರು ಬರೆಸಿಲ್ಲ, ಪ್ರೈಮರಿ ನಮಗಲ್ಲ” ಅನ್ನುತ್ತಿದ್ದರು. ಇಲ್ಲಿ ಹಾಗಲ್ಲ. ಪಕ್ಷ ಹೇಳದೆ ನೋಂದಾಯಿಸಿದವರು ಮತಗಟ್ಟೆಯಲ್ಲಿ ಯಾವುದಾದರೂ ಒಂದು ಪಕ್ಷದ ಮತಪತ್ರ ಕೇಳಬಹುದು. ಓಟು ಹಾಕಿ, ಹೊರಡುವ ಮುಂಚೆ ಒಂದು ಫಾರಂಗೆ ಸಹಿ ಮಾಡಿದರೆ ಮತ್ತೆ ಯಾವ ಪಕ್ಷದವರೂ ಅಲ್ಲ. ಇದನ್ನು ಹೇಳಿದಾಗ ಮುಖ ಅರಳುತ್ತಿತ್ತು. ನನ್ನ ಯಾವ ಭಾಷಣಕ್ಕೂ ಹಾಗೆ ಅರಳಿರಲಿಲ್ಲ.

7ನೇ ತಾರೀಖು ಶುಕ್ರವಾರ ಮ್ಯಾಂಚೆಸ್ಟರ್‌ನ ಸೇಂಟ್ ಆನ್ಸೆಲ್ಮ್ ಕಾಲೇಜಿನಲ್ಲಿ ಅಭ್ಯರ್ಥಿಗಳ ಚರ್ಚೆ ನಡೆಯಿತು. ಶನಿವಾರ ಬೆಳಿಗ್ಗೆ ಹೋದರೆ, ಎರಡು ಅಂತ ಒತ್ತಿದ್ದ ಮನೆಗಳು ಮೂರಾಗಿದ್ದವು. “ಏಮಿ ಕ್ಲೋಬುಚಾರ್ ಚೆನ್ನಾಗಿ ಮಾತಾಡಿದರು, ನೋಡೋಣ.” ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೊಬ್ಬ ಅಭ್ಯರ್ಥಿ ಬರ್ನಿ ಸ್ಯಾಂಡರ್ಸ್ ಕಡೆಯವರು ಹೇಗೂ ಅಲುಗಾಡುತ್ತಿರಲಿಲ್ಲ. ಅವರ ಮೇಲೆ ಟೈಮ್ ಹಾಕಿದ್ದೇ ನಾನು ಮಾಡಿದ ತಪ್ಪು. ಏಮಿಗೂ ಪೀಟ್‌ಗೂ ಮಧ್ಯೆ ತೂಗುತ್ತಿದ್ದವರ ಮನೆಗೆ ಎರಡನೇ ಸಲ ಹೋಗಬೇಕಿತ್ತು. ಮೆಟ್ಟಿಲ ಮೇಲೆ ಐಸು ಕಟ್ಟಿತ್ತು, ಕಾಲು ಸೋತಿತ್ತು, ಹೋಗಲಿಲ್ಲ.

11ರ ಮಂಗಳವಾರ ಇಡೀ ದಿನ ಮತಗಟ್ಟೆಯ ಹೊರಗೆ ಬೋರ್ಡ್ ಹಿಡಿದು ನಿಂತೆವು. ರಾತ್ರಿ ಎಣಿಕೆ ಮುಗಿದಾಗ ಸ್ಯಾಂಡರ್ಸ್‌ಗೆ ಶೇ. 25.6, ನಮಗೆ ಶೇ. 24.3. ಇಡೀ ರಾಜ್ಯದಲ್ಲಿ 4 ಸಾವಿರಕ್ಕೂ ಕಡಿಮೆ ಓಟಿನ ಅಂತರ. ಏಮಿಗೆ ಶೇ. 20ರ ಹತ್ತಿರ. ಪಕ್ಷದ ಸಮಾವೇಶಕ್ಕೆ ಹೋಗಿ ಅಭ್ಯರ್ಥಿಯನ್ನು ಆರಿಸುವ ಡೆಲಿಗೇಟ್‌ಗಳು ಮಾತ್ರ ಸ್ಯಾಂಡರ್ಸ್‌ಗೂ ಪೀಟ್‌ಗೂ ಸಮ, ತಲಾ 9. ಏಮಿಗೆ 6. ಶೇ. 15 ದಾಟದ ಬೈಡನ್‌ಗೆ ಒಂದೂ ಇಲ್ಲ, ಐದನೇ ಸ್ಥಾನ.

ಮಾರ್ಚ್ 1ಕ್ಕೆ ಪೀಟ್ ಕಣದಿಂದ ಹಿಂದೆ ಸರಿದರು. ಮರುದಿನ ಏಮಿಯೂ ಸರಿದರು. ಇಬ್ಬರೂ ಹೋಗಿ ನಿಂತದ್ದು ಆ ಐದನೆಯವರ ಪರ.