ಬಲಗಣ್ಣಿನ ಅಂಚಿನ ಕಪ್ಪು ಬಿದಿಗೆ ಚಂದ್ರ: ನನ್ನ ಅನುಭವ

ಬಲಗಣ್ಣಿನ ಪೊರೆ ತೆಗೆಸಿ ಒಂದೇ ದೂರಕ್ಕೆ ಹೊಂದಿಸಿದ ಮಾನೋಫೋಕಲ್ ಲೆನ್ಸ್ ಹಾಕಿಸಿಕೊಂಡ ಮರುದಿನ ಪಟ್ಟಿ ಬಿಚ್ಚಿದಾಗ ಎದುರುಗೋಡೆಯ ಕ್ಯಾಲೆಂಡರಿನ ತಾರೀಖು ಸ್ಪಷ್ಟವಾಗಿ ಕಂಡಿತು. ಅದರ ಜೊತೆಗೇ ಕಿವಿಯ ಕಡೆಯ ಅಂಚಿನಲ್ಲಿ ಬಿದಿಗೆ ಚಂದ್ರನ ಆಕಾರದ ಕಪ್ಪು ನೆರಳೊಂದು ನಿಂತಿತ್ತು. ಕರಡು ತಿದ್ದಲು ಕುಳಿತರೆ ಬಲಬದಿಯಲ್ಲಿ ಯಾರೋ ಬಂದು ನಿಂತಂತಾಗಿ, ದಿನಕ್ಕೆ ನಲವತ್ತು ಸಲವಾದರೂ ತಿರುಗಿ ನೋಡುತ್ತಿದ್ದೆ.

ಡಾಕ್ಟರು ಪಾಪೆ ಹಿಗ್ಗಿಸುವ ಹನಿ ಹಾಕಿ ರೆಟಿನಾ ನೋಡಿದರು. ಅದಕ್ಕೇನೂ ಆಗಿರಲಿಲ್ಲ. ಇದು ನೆಗೆಟಿವ್ ಡಿಸ್‌ಫೋಟಾಪ್ಸಿಯಾ, ಅಂದರೆ ಹೊಸ ಲೆನ್ಸ್ ಹಾಕಿದ ಮೇಲೆ ನೋಟದ ಅಂಚಿನಲ್ಲಿ ಕಾಣುವ ಕಪ್ಪು ನೆರಳು, ಕೆಲವು ತಿಂಗಳಲ್ಲಿ ಮಿದುಳೇ ಒಗ್ಗಿಕೊಳ್ಳುತ್ತದೆ, ಲೆನ್ಸ್ ಬದಲಿಸುವುದು ಕೊನೆಯ ಮಾತು ಎಂದರು. ಕಾಯುವ ತಾಳ್ಮೆ ನನಗಿರಲಿಲ್ಲ. ಕಪ್ಪು ಕನ್ನಡಕಕ್ಕೆ ಸುಮಾರು 2,000 ರೂಪಾಯಿ ಕೊಟ್ಟೆ. ಅದನ್ನು ಹಾಕಿಕೊಂಡು ಮನೆಯೊಳಗೆ ಕರಡು ತಿದ್ದಲಾಗುತ್ತದೆಯೇ? ಆಂಟಿ-ಗ್ಲೇರ್ ಗಾಜು ಹಾಕಿಸಿದ, ತಂತಿಯಷ್ಟು ತೆಳು ಕಡ್ಡಿಯ ಕನ್ನಡಕಕ್ಕೆ ನಾಲ್ಕು ಸಾವಿರದ ಮೇಲೆ ಚಿಲ್ಲರೆ ಹೋಯಿತು. ಅದು ಈಗಲೂ ಡಬ್ಬಿಯಲ್ಲಿದೆ.

ದಾರಿ ತೋರಿದ್ದು ಆ ಹನಿಯೇ. ಪಾಪೆ ಹಿಗ್ಗಿದ್ದ ಸಂಜೆ ನೆರಳು ಬಹುಪಾಲು ಮಾಯವಾಗಿತ್ತು, ಮರುದಿನದ ಬಿಸಿಲಿಗೆ ಮತ್ತೆ ಗಟ್ಟಿಯಾಗಿ ಮರಳಿತು. ತೊಂದರೆ ಬೆಳಕು ಒಳಬರುವ ರೀತಿಯಲ್ಲಿದೆ ಎಂದುಕೊಂಡು ಕಣ್ಣಿನ ಪಕ್ಕದಲ್ಲಿ ಅಂಗೈ ಅಡ್ಡ ಹಿಡಿದರೆ ನೆರಳು ಹಿಂದೆ ಸರಿಯಿತು. ಹಾಗಾದರೆ ಅಗಲ ಕಡ್ಡಿಯ ಫ್ರೇಮು ಸಾಕು ಎಂದಾಗ ಕನ್ನಡಕದ ಅಂಗಡಿಯವರು ನಕ್ಕರು. ಮನೆಯಾಕೆ ಜಟಕಾ ಕುದುರೆಯ ಕಣ್ಣುಪಟ್ಟಿಯನ್ನು ನೆನಪಿಸಿದಳು. ಹಳೆಯ ಸರಕಿನಲ್ಲಿ ಸಿಕ್ಕ ದಪ್ಪ ಕಪ್ಪು ಫ್ರೇಮಿಗೆ ಕೊಟ್ಟದ್ದು 350 ರೂಪಾಯಿ ಇರಬೇಕು. ಮೊದಲ ವಾರ ಅರೆಬರೆ ಫಲ. ಹೊಳೆಯುವ ಕಡ್ಡಿಯೇ ಬೆಳಕನ್ನು ಕಣ್ಣಿಗೆ ಎರಚುತ್ತಿತ್ತು. ಕಡ್ಡಿಯ ಒಳಬದಿಗೆ ಒಂದು ಹೊದಿಕೆ ಅಂಟಿಸಿದ ಮೇಲೆ ಹತ್ತರಲ್ಲಿ ಎಂಟು ಪಾಲು ನೆರಳು ಹೋಯಿತು. ಆ ಹೊದಿಕೆ ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಎದುರು ಸಿಕ್ಕಿದವರಿಗೆ ತೋರಿಸುತ್ತೇನೆ. ಮೇಜಿನ ದೀಪವನ್ನು ಬಲದಿಂದ ಎಡಕ್ಕೆ ಸರಿಸಿದ್ದೂ ನೆರವಾಯಿತು. ಸ್ಕೂಟರ್ ಹತ್ತುವಾಗ ಮಾತ್ರ ಈ ಕನ್ನಡಕ ಬೇಡ, ಪಕ್ಕದಿಂದ ನುಗ್ಗುವ ಆಟೋ ಕಾಣುವುದಿಲ್ಲ.

ರಾತ್ರಿಯ ದೀಪಗಳ ಸುತ್ತ ಚಿಮ್ಮುವ ಕಿರಣಗಳಿಗೂ ಇದು ಮದ್ದಾದೀತೇ ಎಂದು ಒಂದು ಭಾನುವಾರ ಸಂಜೆ ಮೈಸೂರು ಅರಮನೆಯ ಎದುರು ಹೋಗಿ ನಿಂತೆ. ಲಕ್ಷದಷ್ಟು ದೀಪಗಳು ಒಮ್ಮೆಗೇ ಹೊತ್ತಿದಾಗ, ಪೊರೆಯಿರುವ ಎಡಗಣ್ಣಿಗೆ ಅರಮನೆ ಕರಗಿದ ಬೆಣ್ಣೆಯ ಮುದ್ದೆಯಂತೆಯೂ ಬಲಗಣ್ಣಿಗೆ ಒಂದೊಂದು ದೀಪಕ್ಕೂ ನಾಲ್ಕೈದು ಕಡ್ಡಿ ಸಿಕ್ಕಿಸಿದಂತೆಯೂ ಕಂಡಿತು. ಫ್ರೇಮಿನಿಂದ ಅಲ್ಲಿ ಏನೂ ಪ್ರಯೋಜನವಾಗಲಿಲ್ಲ. ಎರಡು ತಿಂಗಳಾದ ಮೇಲೆ ಆ ಕಿರಣಗಳು ತಾವಾಗಿಯೇ ಗಿಡ್ಡವಾದವು. ಆ ಮಟ್ಟಿಗೆ ಡಾಕ್ಟರ ಮಾತೇ ಗೆದ್ದಿತು.

ಈಗ ಫ್ರೇಮು ತೆಗೆದಿಟ್ಟರೂ ನೆರಳು ಹುಡುಕಿದರೆ ಮಾತ್ರ ಸಿಗುತ್ತದೆ. ಎಡಗಣ್ಣಿನ ಸರದಿ ಶ್ರಾವಣದಲ್ಲಿದೆ. ಎಡಗಡೆಯ ಕಡ್ಡಿಗೂ ಹೊದಿಕೆ ಅಂಟಿಸಿಟ್ಟಿದ್ದೇನೆ.