ಜಂಟಿ ಪಿಎಚ್.ಡಿ. ತರಬೇತಿ: ಒಡಂಬಡಿಕೆಗೆ ಮೊದಲು ಅಂಕಪಟ್ಟಿ

ಎರಡು ವಿಶ್ವವಿದ್ಯಾಲಯಗಳು ಕೂಡಿ ಪಿಎಚ್.ಡಿ. ತರಬೇತಿ ನಡೆಸುವುದೆಂದರೆ ಕುಲಪತಿಗಳಿಬ್ಬರು ಕಡತ ಬದಲಾಯಿಸಿಕೊಂಡು ಫೋಟೊಗೆ ನಿಲ್ಲುವುದು ಎಂಬ ಅರ್ಥ ನಮ್ಮಲ್ಲಿ ಬೇರೂರಿಬಿಟ್ಟಿದೆ. ಮರುದಿನ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಆರು ತಿಂಗಳು ಬಿಟ್ಟು ವಿಚಾರಿಸಿದರೆ ಒಬ್ಬ ಸಂಶೋಧನಾರ್ಥಿಯೂ ಈ ಕಡೆಯಿಂದ ಆ ಕಡೆಗೆ ಹೋಗಿರುವುದಿಲ್ಲ. ಇಂಥ ಕಡತಗಳನ್ನು ಹಲವು ವರ್ಷ ನೋಡಿದವನಾಗಿ ನಾನು ಹೇಳುವುದಿಷ್ಟೆ: ಒಡಂಬಡಿಕೆಯ ಸಹಿಯನ್ನು ಕೊನೆಗಿಡಿ, ಅಂಕಪಟ್ಟಿಯಿಂದ ಕೆಲಸ ಆರಂಭಿಸಿ.

ಮೊದಲು ತೀರ್ಮಾನವಾಗಬೇಕಾದದ್ದು ಪದವಿ ಕೊಡುವವರು ಯಾರು ಎಂಬುದು. ಇದಕ್ಕೆ ಒಳ್ಳೆಯ ಮಾದರಿ ಬೆಂಗಳೂರಿನಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1982ರಲ್ಲಿ ಆರಂಭವಾದ ಜಂಟಿ ಖಗೋಳವಿಜ್ಞಾನ ಕಾರ್ಯಕ್ರಮದಲ್ಲಿ ರಾಮನ್ ಸಂಶೋಧನಾ ಸಂಸ್ಥೆ, ಭಾರತೀಯ ಖಭೌತ ಸಂಸ್ಥೆ, ಇಸ್ರೊ ಮೊದಲಾದವು ಪಾಲುದಾರರು. ಪಾಠವನ್ನು ಹಂಚಿಕೊಂಡು ಮಾಡುತ್ತಾರೆ. ಕೋರ್ಸ್‌ವರ್ಕ್ (ಸಂಶೋಧನೆಗೆ ಮುಂಚಿನ ಪಾಠ, ಪರೀಕ್ಷೆ) ಮುಗಿಸಿದ ವಿದ್ಯಾರ್ಥಿ ಪಾಲುದಾರ ಸಂಸ್ಥೆಯ ಮಾರ್ಗದರ್ಶಕರ ಬಳಿ ಸಂಶೋಧನೆಗೆ ಸೇರಬಹುದು. ಪದವಿ ಮಾತ್ರ ವಿಜ್ಞಾನ ಸಂಸ್ಥೆಯದು. ಪಾಠ ಹಲವು ಮನೆಯದು, ಪದವಿ ಒಂದು ಮನೆಯದು ಎನ್ನುವ ಈ ಏರ್ಪಾಡನ್ನೇ ಮೊದಲ ಸಲ ಕೈಹಾಕುವವರು ಆರಿಸಿಕೊಳ್ಳಬೇಕು. ಒಂದೇ ಪ್ರಮಾಣಪತ್ರದ ಮೇಲೆ ಎರಡು ಮುದ್ರೆ ಬೀಳಬೇಕೆಂಬ ಆಸೆ ಸದ್ಯಕ್ಕೆ ಬೇಡ.

ಎರಡನೆಯದು, ಹಂಚಿಕೊಳ್ಳಲು ಒಂದೇ ಒಂದು ಪತ್ರಿಕೆಯನ್ನು, ಅಂದರೆ ಪಾಠದ ವಿಷಯವನ್ನು, ಆರಿಸುವುದು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್ (ಪಾಠದ ಗಂಟೆಗಳನ್ನು ಅಳೆಯುವ ಮಾನ) ಇರಬೇಕು, 16 ಮೀರಬಾರದು. ಸಂಶೋಧನಾ ವಿಧಾನದ ಪತ್ರಿಕೆಯನ್ನು ದಯವಿಟ್ಟು ಹಂಚಿಕೊಳ್ಳಲು ಹೋಗಬೇಡಿ. ಅದನ್ನು ಪಾಠ ಮಾಡುವವರು ಎಲ್ಲ ಕಡೆಯೂ ಇದ್ದಾರೆ, ತಮ್ಮದೇ ಸರಿ ಎಂಬ ಹಟವೂ ಎಲ್ಲರಲ್ಲಿದೆ. ನಿಮ್ಮಲ್ಲಿ ಇಲ್ಲದ್ದನ್ನು ತರಿಸಿಕೊಳ್ಳಿ. ಒಂದು ಕನ್ನಡ ವಿಭಾಗದಲ್ಲಿ ಹಳೆಯ ಕಲ್ಲುಬರಹಗಳಾದ ಶಾಸನಗಳನ್ನು ಓದಿಸಬಲ್ಲ ಅಧ್ಯಾಪಕರು ನಿವೃತ್ತರಾಗಿ ಹುದ್ದೆ ಖಾಲಿ ಬಿದ್ದಿದೆ, ಇನ್ನೊಂದು ವಿಶ್ವವಿದ್ಯಾಲಯದಲ್ಲಿ ಅಂಥವರು ಇದ್ದಾರೆ ಎಂದುಕೊಳ್ಳೋಣ. ಶಾಸನ ಲಿಪಿಯ ನಾಲ್ಕು ಕ್ರೆಡಿಟ್ಟಿನ ಪತ್ರಿಕೆಯೊಂದನ್ನು ಇಬ್ಬರೂ ಬಳಸಿಕೊಳ್ಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಡ.

ಎಲ್ಲರೂ ಎಡವುವುದು ಮೂರನೆಯ ಹಂತದಲ್ಲಿ: ಅಲ್ಲಿ ಪಡೆದ ಅಂಕ ಇಲ್ಲಿ ನಡೆಯುವಂತೆ ಮಾಡುವುದು. ಒಬ್ಬ ಸಂಶೋಧನಾರ್ಥಿನಿ ನೂರಾರು ಕಿಲೊಮೀಟರ್ ಓಡಾಡಿ ಇಂಥದ್ದೇ ಪತ್ರಿಕೆಯನ್ನು ಉತ್ತಮ ಅಂಕಗಳೊಂದಿಗೆ ಮುಗಿಸಿ ಬಂದರು. ಅಲ್ಲಿನ ಅಂಕಪಟ್ಟಿಯಲ್ಲಿ ಪತ್ರಿಕೆಯ ಹೆಸರು ‘ಶಾಸನ ಅಧ್ಯಯನ’ ಎಂದಿತ್ತು, ಇಲ್ಲಿನ ಪಠ್ಯಕ್ರಮದಲ್ಲಿ ‘ಶಾಸನಶಾಸ್ತ್ರ’ ಎಂದಿತ್ತು. ಪಿಎಚ್.ಡಿ. ವಿಭಾಗದ ಗುಮಾಸ್ತರು ಕಡತವನ್ನು ಹಿಂದಿರುಗಿಸಿದರು. ಆಕೆ ಬೇರೊಂದು ಪತ್ರಿಕೆಗೆ ಕುಳಿತು ಮತ್ತೆ ಪರೀಕ್ಷೆ ಬರೆಯಬೇಕಾಯಿತು. ಗುಮಾಸ್ತರ ತಪ್ಪು ಇದರಲ್ಲಿ ಏನೂ ಇಲ್ಲ, ಅವರ ಮುಂದೆ ಆದೇಶವೇ ಇರಲಿಲ್ಲ.

ಆದ್ದರಿಂದ ಪತ್ರಿಕೆಯ ಹೆಸರು ಎರಡೂ ಕಡೆ ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು. ಗಂಟೆಗಳ ಲೆಕ್ಕವನ್ನು ಬರೆದಿಡಬೇಕು: ಒಂದು ಕ್ರೆಡಿಟ್ಟಿಗೆ 15 ಗಂಟೆ ಪಾಠವೆಂದರೆ ನಾಲ್ಕು ಕ್ರೆಡಿಟ್ಟಿಗೆ 60 ಗಂಟೆ, ಪ್ರಾಯೋಗಿಕ ಕೆಲಸಕ್ಕಾದರೆ ಕ್ರೆಡಿಟ್ಟಿಗೆ 30 ಗಂಟೆ, ಕಲ್ಲಿನ ಮೇಲಿಂದ ಅಚ್ಚು ತೆಗೆಯುವುದನ್ನು ಕಲಿಯುವ ದಿನಗಳು ಯಾವ ಲೆಕ್ಕಕ್ಕೆ ಎಂಬುದೂ ಅದರಲ್ಲಿ ಬರಬೇಕು. ಆಂತರಿಕ ಅಂಕ ಒಂದು ಕಡೆ 20, ಇನ್ನೊಂದು ಕಡೆ 30 ಇದ್ದರೆ ಪಾಠ ನಡೆಯುವ ವಿಶ್ವವಿದ್ಯಾಲಯದ ಪದ್ಧತಿಯನ್ನೇ ಇಬ್ಬರೂ ಒಪ್ಪಿಕೊಳ್ಳುವುದು ಲೇಸು. ಗ್ರೇಡುಗಳನ್ನು ನಂಬಬೇಡಿ, ಮೂಲ ಅಂಕಗಳನ್ನೇ ತರಿಸಿಕೊಳ್ಳಿ. ಕೋರ್ಸ್‌ವರ್ಕಿನಲ್ಲಿ ಸಂಶೋಧನಾರ್ಥಿ ಕನಿಷ್ಠ ಶೇ 55 ಅಂಕ ಅಥವಾ ಅದಕ್ಕೆ ಸಮನಾದ ಗ್ರೇಡ್ ಪಡೆಯಲೇಬೇಕಾಗಿರುವುದರಿಂದ, ಗ್ರೇಡನ್ನು ಮತ್ತೆ ಅಂಕವಾಗಿ ಪರಿವರ್ತಿಸುವಾಗ ಆ ಗಡಿಯ ಆಚೀಚೆ ಇರುವವರೇ ಸಿಕ್ಕಿಬೀಳುತ್ತಾರೆ. ಅನುತ್ತೀರ್ಣರಾದವರಿಗೆ ಮರುಪರೀಕ್ಷೆ ನಡೆಸುವವರು ಯಾರು, ಯಾವಾಗ, ಶುಲ್ಕ ಯಾವ ಖಾತೆಗೆ ಎಂಬುದನ್ನೂ ಮೊದಲೇ ಬರೆಯಿರಿ. ಆ ಪತ್ರಿಕೆ ವರ್ಷಕ್ಕೊಮ್ಮೆ ಮಾತ್ರ ನಡೆಯುವುದಾದರೆ ಮರುಪರೀಕ್ಷೆಗೆ ಒಂದು ವರ್ಷ ಕಾಯುವುದು ನ್ಯಾಯವಲ್ಲ.

ಇಷ್ಟನ್ನೂ ಒಂದು ಪುಟಕ್ಕೆ ಇಳಿಸಿ, ಕೊನೆಯಲ್ಲಿ ‘ಪಾಠ ನಡೆಸಿದ ವಿಶ್ವವಿದ್ಯಾಲಯವು ನೀಡಿದ ಅಂಕಗಳನ್ನು ಮರುಮೌಲ್ಯಮಾಪನವಿಲ್ಲದೆ ಅಂಗೀಕರಿಸತಕ್ಕದ್ದು’ ಎಂಬ ಸಾಲನ್ನು ಸೇರಿಸಿ, ಎರಡೂ ಕಡೆ ಅಧ್ಯಯನ ಮಂಡಳಿಯ ಮೂಲಕ ವಿದ್ಯಾವಿಷಯಕ ಪರಿಷತ್ತಿಗೆ ಒಯ್ಯಬೇಕು. ಪರಿಷತ್ತಿನ ಸಭೆ ತಿಂಗಳಿಗೊಮ್ಮೆ ಸೇರುವುದಿಲ್ಲ. ಪ್ರವೇಶ ಮುಗಿದ ಮೇಲೆ ವಿಷಯ ಮಂಡಿಸಿದರೆ ಆ ವರ್ಷದ ತಂಡಕ್ಕೆ ಅದು ಉಪಯೋಗಕ್ಕೆ ಬರುವುದಿಲ್ಲ. ನಿರ್ಣಯದ ಪ್ರತಿಯನ್ನು ಮೌಲ್ಯಮಾಪನ ಕುಲಸಚಿವರ ಕಚೇರಿಗೆ ನೀವೇ ಕೈಯಾರೆ ತಲುಪಿಸಿ ಸ್ವೀಕೃತಿ ಪಡೆಯಿರಿ. ಎರಡು ಕಡೆಯ ಪ್ರವೇಶದ ದಿನಾಂಕ ಬೇರೆಯಾಗಿದ್ದರೂ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷದ ಅವಧಿ ಸಂಶೋಧನಾರ್ಥಿಯ ಸ್ವಂತ ವಿಶ್ವವಿದ್ಯಾಲಯದ ಪ್ರವೇಶದಿಂದಲೇ ಎಣಿಕೆಯಾಗುತ್ತದೆ ಎಂಬುದನ್ನು ಅವರಿಗೆ ಲಿಖಿತವಾಗಿ ತಿಳಿಸಿಬಿಡಿ.

ಪಾಠ ಮುಟ್ಟಿಸುವುದು ಈಗ ಕಷ್ಟವಲ್ಲ. ಬ್ರಿಟನ್ನಿನಲ್ಲಿ ‘ಮ್ಯಾಜಿಕ್’ ಎಂಬ ಹೆಸರಿನ ಕೂಟದಲ್ಲಿ ಇಪ್ಪತ್ತಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳ ಗಣಿತ ವಿಭಾಗಗಳು ತಮ್ಮ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಹತ್ತು, ಇಪ್ಪತ್ತು ಗಂಟೆಗಳ ಕೋರ್ಸುಗಳನ್ನು ನೇರ ವಿಡಿಯೊ ಮೂಲಕ ಹಂಚಿಕೊಳ್ಳುತ್ತಿವೆ, ಪದವಿ ಅವರವರದ್ದೇ. ನಮ್ಮಲ್ಲಿ ಮಾತ್ರ ವಿಡಿಯೊ ಕರೆಯ ಉಚಿತ ಖಾತೆಯಲ್ಲಿ ತರಗತಿ ನಡೆಸಿ, ನಲವತ್ತನೇ ನಿಮಿಷಕ್ಕೆ ಕರೆ ಕಡಿದುಹೋದಾಗ ‘ನೆಟ್‌ವರ್ಕ್ ಸರಿಯಿಲ್ಲ’ ಎನ್ನುವವರಿದ್ದಾರೆ. ಹಣ ಕೊಟ್ಟು ಖಾತೆ ಮಾಡಿಸಿ. ಹಳೆಯ ಧ್ವನಿಮುದ್ರಿಕೆಗಳನ್ನು ಹಾಕಿ ಹಾಜರಿ ಗುರುತಿಸುವ ಅಡ್ಡದಾರಿಯಂತೂ ಬೇಡವೇ ಬೇಡ. ಶಾಸನದ ಸವೆದ ಅಕ್ಷರವನ್ನು ಹೀಗೆ ಓದಬಹುದೇ, ಹಾಗೆ ಓದಬಹುದೇ ಎಂದು ವಿದ್ಯಾರ್ಥಿ ಕೇಳುವುದೇ ಆ ತರಗತಿಯ ತಿರುಳು.

ಮಾರ್ಗದರ್ಶನದ ಮಾತು ಚಿಕ್ಕದು. ಮುಖ್ಯ ಮಾರ್ಗದರ್ಶಕರು ಪದವಿ ಕೊಡುವ ವಿಶ್ವವಿದ್ಯಾಲಯದ ಖಾಯಂ ಅಧ್ಯಾಪಕರಾಗಿರಲಿ, ಪಾಲುದಾರ ವಿಶ್ವವಿದ್ಯಾಲಯದವರು ಸಹಮಾರ್ಗದರ್ಶಕರಾಗಲಿ, ಪ್ರತಿ ಸೆಮಿಸ್ಟರಿನ ಸಂಶೋಧನಾ ಸಲಹಾ ಸಮಿತಿಯ ಸಭೆಗೆ ಅವರನ್ನು ತಪ್ಪದೆ ಕರೆಯಿರಿ.

ವಿದೇಶಿ ವಿಶ್ವವಿದ್ಯಾಲಯದೊಂದಿಗೆ ಜಂಟಿ ಪದವಿಯೇ ಬೇಕೆನ್ನುವವರಿಗೆ ಯುಜಿಸಿಯ 2022ರ ಮೇ ತಿಂಗಳ ನಿಯಮಾವಳಿ ಅನ್ವಯಿಸುತ್ತದೆ. ನಮ್ಮ ಕಡೆಯವರಿಗೆ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್‌ನಲ್ಲಿ ನಾಲ್ಕಕ್ಕೆ ಕನಿಷ್ಠ 3.01 ಅಂಕ, ಅಥವಾ ಎನ್ಐಆರ್‌ಎಫ್ (ಕೇಂದ್ರ ಸರ್ಕಾರದ ಶ್ರೇಯಾಂಕ) ವಿಶ್ವವಿದ್ಯಾಲಯ ಪಟ್ಟಿಯ ಮೊದಲ ನೂರರಲ್ಲಿ ಸ್ಥಾನ, ಅಥವಾ ಕೇಂದ್ರ ಸರ್ಕಾರದ ‘ಶ್ರೇಷ್ಠ ಸಂಸ್ಥೆ’ ಮಾನ್ಯತೆ ಇರಬೇಕು. ಆ ಕಡೆಯವರು ಕ್ಯೂಎಸ್ ಅಥವಾ ಟೈಮ್ಸ್ ಜಾಗತಿಕ ಶ್ರೇಯಾಂಕದ ಮೊದಲ ಸಾವಿರದೊಳಗೆ ಇದ್ದರೆ ಪ್ರತ್ಯೇಕ ಅನುಮತಿಗೆ ಕಾಯಬೇಕಾಗಿಲ್ಲ. ಸಂಶೋಧನಾರ್ಥಿಗೆ ಎರಡೂ ಕಡೆ ಒಬ್ಬೊಬ್ಬ ಮಾರ್ಗದರ್ಶಕರಿರಬೇಕು, ಎರಡೂ ಕಡೆ ಕನಿಷ್ಠ ಒಂದೊಂದು ಸೆಮಿಸ್ಟರ್ ಕಳೆಯಬೇಕು, ಮಹಾಪ್ರಬಂಧ ಮಾತ್ರ ಒಂದೇ. ವಿದೇಶದ ಹೆಸರು ಹೇಳಿ ಆನ್‌ಲೈನ್ ಪಿಎಚ್.ಡಿ. ಮಾರುವ ಎಡ್‌ಟೆಕ್ ಕಂಪನಿಗಳ ಜಾಹೀರಾತಿಗೂ ಇದಕ್ಕೂ ಸಂಬಂಧವಿಲ್ಲ. ಅಂಥ ಪದವಿಗೆ ಮಾನ್ಯತೆಯಿಲ್ಲವೆಂದು ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣದ ಮಂಡಳಿಯಾದ ಎಐಸಿಟಿಇ 2022ರ ಅಕ್ಟೋಬರಿನಲ್ಲೇ ಜಂಟಿಯಾಗಿ ಎಚ್ಚರಿಸಿವೆ.

ಇನ್ನು ಸಹಿ ಹಾಕಬಹುದು. ಅಂತರ್ಜಾಲದಿಂದ ಇಳಿಸಿಕೊಂಡ ಸಿದ್ಧ ಮಾದರಿಗೆ ಹೆಸರು ತುಂಬಿ ಕಳುಹಿಸಬೇಡಿ, ಅದರಲ್ಲಿ ‘ಪರಸ್ಪರ ಸಹಕಾರ’ ಎಂಬುದನ್ನು ಬಿಟ್ಟರೆ ಏನೂ ಇರುವುದಿಲ್ಲ. ನೀವು ಸಿದ್ಧಪಡಿಸಿದ ಆ ಒಂದು ಪುಟವನ್ನೇ ಅನುಬಂಧವಾಗಿ ಲಗತ್ತಿಸಿ. ಸಂಯೋಜಕರನ್ನು ವ್ಯಕ್ತಿಯ ಹೆಸರಿನಿಂದ ನಮೂದಿಸದೆ ಹುದ್ದೆಯ ಹೆಸರಿನಿಂದ ನಮೂದಿಸಿ, ಏಕೆಂದರೆ ವಿಭಾಗದ ಮುಖ್ಯಸ್ಥರು ಬದಲಾಗುತ್ತಲೇ ಇರುತ್ತಾರೆ. ಜೊತೆಗೆ, ಒಡಂಬಡಿಕೆಯ ಅವಧಿ ಮುಗಿದರೂ ಅಷ್ಟರೊಳಗೆ ನೋಂದಾಯಿಸಿಕೊಂಡವರ ಪಾಠ, ಪರೀಕ್ಷೆ ಮತ್ತು ಸಹಮಾರ್ಗದರ್ಶನ ಅವರ ಮೌಖಿಕ ಪರೀಕ್ಷೆಯವರೆಗೂ ಮುಂದುವರಿಯುತ್ತದೆ ಎಂಬ ಷರತ್ತು ಅದರಲ್ಲಿ ಇರಲೇಬೇಕು.