ಸಿಗ್ನಲ್‌ನಲ್ಲಿ ನಿಲ್ಲುವುದು ಹೇಗೆ, ದಾಟುವುದು ಹೇಗೆ?

ಮೊನ್ನೆ ಹುಬ್ಬಳ್ಳಿ ವಿದ್ಯಾನಗರದ ಒಂದು ಸಿಗ್ನಲ್‌ನಲ್ಲಿ ಒಬ್ಬ ಅಜ್ಜಿ ರಸ್ತೆ ದಾಟಲು ನಿಂತಿದ್ದರು. ಇಳಕಲ್ ಸೀರೆ, ಎರಡೂ ಕೈಯಲ್ಲಿ ಚೀಲ. ಹುಬ್ಬಳ್ಳಿ–ಧಾರವಾಡ ನಡುವೆ ತನ್ನದೇ ಲೇನ್‌ನಲ್ಲಿ ಓಡುವ ಚಿಗರಿ ಬಸ್ಸಿನ ಸ್ಟೇಷನ್ ಇರುವುದು ರಸ್ತೆಯ ನಡುವೆ. ಅಲ್ಲಿಗೆ ಹೋಗಬೇಕೆಂದರೆ ಅರ್ಧ ರಸ್ತೆ ದಾಟಲೇಬೇಕು. ಗಾಡಿಗಳಿಗೆ ಕೆಂಪು ಬಿದ್ದಿತ್ತು. ಆದರೆ ಝೀಬ್ರಾ ಪಟ್ಟಿ ಎಲ್ಲಿದೆ ಅಂತಲೇ ಕಾಣುತ್ತಿರಲಿಲ್ಲ. ಅದರ ಮೇಲೆಲ್ಲ ಬೈಕುಗಳು ನಿಂತಿದ್ದವು. ಅಜ್ಜಿ ಸೆರಗು ಒತ್ತಿ ಹಿಡಿದು, ಒಂದು ಬೈಕಿನ ಗಾಲಿಗೂ ಒಂದು ಕಾರಿನ ಬಂಪರಿಗೂ ನಡುವೆ ನುಸುಳಿದರು. ಅಷ್ಟರಲ್ಲಿ ಹಸಿರು ಬಿತ್ತು. ಹಿಂದಿನಿಂದ ಒಂದೇ ಸಮನೆ ಹಾರ್ನ್. ‘ತಡೀರ್ರೀ ಯಪ್ಪಾ, ಹೊಂಟೀನಿ’ ಎಂದು ಕೈ ಎತ್ತಿದರು. ಚೀಲದಿಂದ ಒಂದು ಮೂಲಂಗಿ ಜಾರಿ ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗುವ ಧೈರ್ಯ ಅವರಿಗೆ ಬರಲಿಲ್ಲ.

ಅಲ್ಲಿ ಯಾರೂ ಸಿಗ್ನಲ್ ಹಾರಿಸಿರಲಿಲ್ಲ. ಎಲ್ಲರೂ ನಿಂತೇ ಇದ್ದರು. ನಿಲ್ಲಬಾರದ ಜಾಗದಲ್ಲಿ ನಿಂತಿದ್ದರು, ಅಷ್ಟೇ. ಜಂಕ್ಷನ್‌ನಲ್ಲಿ ಆಗುವ ಬಹಳಷ್ಟು ಗೋಳು ಶುರುವಾಗುವುದೇ ಇಲ್ಲಿಂದ. ಹಾಗಾಗಿ ದಾಟುವುದಕ್ಕಿಂತ ಮೊದಲು ನಿಲ್ಲುವುದನ್ನು ಕಲಿಯೋಣ.

1. ನೂರು ಮೀಟರ್ ಮೊದಲೇ ಲೇನ್ ಹಿಡಿಯಿರಿ

ಎಡಕ್ಕೆ ಹೋಗುವವರು ಎಡಗಡೆ, ಬಲಕ್ಕೆ ಹೊರಳುವವರು ಬಲಗಡೆ, ನೇರ ಹೋಗುವವರು ನಡುವೆ. ಇದು ಎಲ್ಲರಿಗೂ ಗೊತ್ತು. ಆದರೂ ಎಡಗಡೆ ಸ್ವಲ್ಪ ಖಾಲಿ ಕಂಡರೆ ಸಾಕು, ಬಲಕ್ಕೆ ಹೋಗಬೇಕಾದವರೂ ಅಲ್ಲಿಗೇ ನುಗ್ಗುತ್ತೇವೆ. ಹಸಿರು ಬಿದ್ದ ಕೂಡಲೇ ಎಲ್ಲರಿಗೂ ಅಡ್ಡ ಬಂದು ಬಲಕ್ಕೆ ಕಟ್ ಹೊಡೆಯುತ್ತೇವೆ. ಒಬ್ಬರು ಹೀಗೆ ಮಾಡಿದರೆ ಹಿಂದಿನ ಹತ್ತು ಗಾಡಿ ಬ್ರೇಕ್ ಒತ್ತಬೇಕು. ತಪ್ಪು ಲೇನ್‌ಗೆ ಬಂದುಬಿಟ್ಟಿದ್ದೀರಾ? ಇರಲಿ, ಈ ಸಲ ನೇರ ಹೋಗಿ. ಮುಂದೆ ತಿರುಗಿಸಿಕೊಂಡು ಬನ್ನಿ.

ಇಂಡಿಕೇಟರ್ ಹಾಕುವುದೂ ಇಲ್ಲೇ, ತಿರುಗುವಾಗ ಅಲ್ಲ. ಇನ್ನೊಂದು ಮಾತು. ನೇರ ಹೋಗುತ್ತೇನೆ ಎಂದು ತೋರಿಸಲು ನಾಲ್ಕೂ ಇಂಡಿಕೇಟರ್ ಹಾಕುವವರು ನಮ್ಮಲ್ಲಿ ಜಾಸ್ತಿ. ದಯವಿಟ್ಟು ಬಿಡಿ. ಆ ದೀಪ ಇರುವುದು ಕೆಟ್ಟು ನಿಂತ ಗಾಡಿಗೆ. ಪಕ್ಕದಿಂದ ನೋಡುವವರಿಗೆ ನಿಮ್ಮ ಗಾಡಿಯ ಒಂದೇ ಬದಿಯ ದೀಪ ಕಾಣುತ್ತದೆ. ನೀವು ಅವರ ಕಡೆಗೇ ತಿರುಗುತ್ತಿದ್ದೀರಿ ಎಂದುಕೊಳ್ಳುತ್ತಾರೆ. ನೇರ ಹೋಗಲು ಯಾವ ದೀಪವೂ ಬೇಡ.

2. ಹಳದಿ ಬಿದ್ದರೆ

ಹಳದಿ ಎಂದರೆ ‘ಜೋರಾಗಿ ಹೋಗು’ ಅಂತಲ್ಲ. ನಿಲ್ಲಲು ಸಾಧ್ಯವಿದ್ದರೆ ನಿಲ್ಲಬೇಕು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಓಡುತ್ತದೆ. ಕಣ್ಣಿಗೆ ಹಳದಿ ಕಂಡು ಕಾಲು ಬ್ರೇಕಿಗೆ ಬರುವಷ್ಟರಲ್ಲಿ ಆ 11 ಮೀಟರ್ ಮುಗಿದಿರುತ್ತದೆ. ಗೆರೆ ಹತ್ತೇ ಮೀಟರ್ ದೂರ ಇದ್ದರೆ ದಾಟಿಬಿಡಿ, ಗಕ್ಕನೆ ಬ್ರೇಕ್ ಹಾಕಿದರೆ ಹಿಂದಿನವರು ಬಂದು ಗುದ್ದುತ್ತಾರೆ. ಮೂವತ್ತು-ನಲವತ್ತು ಮೀಟರ್ ಇದ್ದರೆ ಆರಾಮಾಗಿ ನಿಲ್ಲಬಹುದು. ಮಳೆಗಾಲದಲ್ಲಿ ಇನ್ನೂ ಮೊದಲೇ ಬ್ರೇಕ್ ಹಿಡಿಯಿರಿ.

ಕೆಂಪು ದಾಟುವುದು ಸಣ್ಣ ತಪ್ಪಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದಾಗ ಅದನ್ನು ಅಪಾಯಕಾರಿ ಚಾಲನೆಯ ಸಾಲಿಗೇ ಸೇರಿಸಿದ್ದಾರೆ.

3. ಗೆರೆಯ ಹಿಂದೆ ನಿಲ್ಲಿ

ಝೀಬ್ರಾ ಪಟ್ಟಿಗಿಂತ ಮೊದಲು ಅಡ್ಡವಾಗಿ ಒಂದು ದಪ್ಪ ಬಿಳಿ ಗೆರೆ ಇರುತ್ತದೆ. ಮುಂದಿನ ಗಾಲಿ ಅದನ್ನು ಮುಟ್ಟಬಾರದು. ಗೆರೆ ಅಳಿಸಿಹೋಗಿದ್ದರೆ ಝೀಬ್ರಾಕ್ಕಿಂತ ಒಂದು ಮಾರು ಹಿಂದೆ ನಿಲ್ಲಿ.

ಮುಂದೆ ಮುಂದೆ ತೆವಳಿ ನಿಂತವರಿಗೆ ಸಿಗುವ ಲಾಭವಾದರೂ ಏನು? ಎಷ್ಟೋ ಕಡೆ ಅವರು ಸಿಗ್ನಲ್ ಕಂಬವನ್ನೇ ದಾಟಿಬಿಟ್ಟಿರುತ್ತಾರೆ. ದೀಪ ಅವರ ಬೆನ್ನಿಗೆ ಇರುತ್ತದೆ. ಹಸಿರು ಬಿದ್ದದ್ದು ಗೊತ್ತಾಗಬೇಕಾದರೆ ಹಿಂದಿನವರು ಹಾರ್ನ್ ಹೊಡೆಯಬೇಕು. ಅಡ್ಡ ರಸ್ತೆಯಿಂದ ತಿರುಗಿ ಬರುವ ಬಸ್ಸಿಗೂ ಜಾಗ ಸಿಗುವುದಿಲ್ಲ.

ಬೈಕ್ ಸವಾರರಿಗೆ ಇನ್ನೊಂದು ಮಾತು, ಇದನ್ನು ಮರೆಯಬೇಡಿ. ಲಾರಿ, ಬಸ್ಸು, ಅಮರಗೋಳದ ಎಪಿಎಂಸಿ ಕಡೆ ಹೋಗುವ ಟ್ರ್ಯಾಕ್ಟರ್, ಇವುಗಳ ಎಡಗಡೆ ಸಂದಿಯಲ್ಲಿ ನಿಲ್ಲಬೇಡಿ. ಲಾರಿಯ ಮುಂದಿನ ಎಡ ಮೂಲೆಯಲ್ಲಿ ನಿಂತ ಬೈಕ್ ಡ್ರೈವರಿಗೆ ಕಾಣುವುದೇ ಇಲ್ಲ. ಉದ್ದದ ಗಾಡಿ ಎಡಕ್ಕೆ ತಿರುಗುವಾಗ ಮುಂದಿನ ಗಾಲಿ ಹೋದ ದಾರಿಯಲ್ಲಿ ಹಿಂದಿನ ಗಾಲಿ ಹೋಗುವುದಿಲ್ಲ. ಅದು ಮೂಲೆಯನ್ನು ಒಳಗಿನಿಂದ ಕತ್ತರಿಸಿಕೊಂಡು ಬರುತ್ತದೆ. ಆ ಸಂದಿಯಲ್ಲಿ ನಿಂತವರಿಗೆ ಒಂದು ಕಡೆ ಗಾಲಿ, ಇನ್ನೊಂದು ಕಡೆ ಫುಟ್‌ಪಾತ್. ಮಧ್ಯೆ ಹಿಂದಕ್ಕೂ ಹೋಗಲಾಗದು. ಲಾರಿಯ ಹಿಂದೆ ನಿಂತರೆ ಒಂದೆರಡು ನಿಮಿಷ ಹೊಗೆ ಕುಡಿಯಬೇಕು, ನಿಜ. ಆದರೂ ಹಿಂದೆಯೇ ನಿಲ್ಲಿ.

4. ಕಾಯುವಾಗ

ನ್ಯೂಟ್ರಲ್‌ಗೆ ಹಾಕಿ. ಜಾಸ್ತಿ ಹೊತ್ತು ಇದ್ದರೆ ಎಂಜಿನ್ ಆಫ್ ಮಾಡಿ. ಫೋನ್ ಜೇಬಿನಲ್ಲೇ ಇರಲಿ. ‘ಫ್ರೀ ಲೆಫ್ಟ್’ ಎಂದು ಬೋರ್ಡ್ ಇದ್ದರೆ ಆ ಎಡ ಲೇನ್‌ಗೆ ಅಡ್ಡ ನಿಲ್ಲಬೇಡಿ. ಬೋರ್ಡ್ ಇಲ್ಲದ ಕಡೆ ಎಡಕ್ಕೆ ಹೋಗುವವರೂ ಹಸಿರಿಗೆ ಕಾಯಬೇಕು.

ಟೈಮರ್ 5, 4, 3 ಎಂದು ಇಳಿಯುತ್ತಿದ್ದಂತೆ ಹೊರಡುವವರಿದ್ದಾರೆ. ಆ ಕೊನೆಯ ಸೆಕೆಂಡುಗಳಲ್ಲಿ ಅಡ್ಡ ರಸ್ತೆಯವರು ತಮ್ಮ ಹಳದಿಯಲ್ಲಿ ದಾಟುತ್ತಿರುತ್ತಾರೆ. ಇತ್ತ ನೀವು ಬೇಗ ಹೊರಟಿರಿ, ಅತ್ತ ಒಬ್ಬರು ತಡವಾಗಿ ನುಗ್ಗಿದರು. ಇಬ್ಬರೂ ಎದುರಾಗುವುದು ನಟ್ಟನಡುವೆ.

5. ಹಸಿರು ಬಿದ್ದ ಮೇಲೆ

ಮೊದಲು ಬಲಕ್ಕೆ ನೋಡಿ, ಆಮೇಲೆ ಎಡಕ್ಕೆ, ಆಮೇಲೆ ಝೀಬ್ರಾದ ಮೇಲೆ. ಅರ್ಧ ದಾಟಿದವರು ಪೂರ್ತಿ ದಾಟಲಿ. ಹಾರ್ನ್ ಹೊಡೆದರೆ ಮುದುಕರು ಬೇಗ ನಡೆಯುವುದಿಲ್ಲ. ಗಾಬರಿಯಾಗಿ ನಿಂತುಬಿಡುತ್ತಾರೆ, ಇಲ್ಲವೇ ಹಿಂದಕ್ಕೆ ಓಡುತ್ತಾರೆ.

ಜಂಕ್ಷನ್ ಆಚೆ ನಿಮ್ಮ ಗಾಡಿಗೆ ಜಾಗ ಇದೆಯಾ? ಇಲ್ಲದಿದ್ದರೆ ಹಸಿರಿದ್ದರೂ ಗೆರೆ ದಾಟಬೇಡಿ. ಚೆನ್ನಮ್ಮ ಸರ್ಕಲ್‌ನಂಥ ಕಡೆ ನಾಲ್ಕು ಗಾಡಿ ನಡುವೆ ಸಿಕ್ಕಿಹಾಕಿಕೊಂಡರೆ ಸಾಕು, ಎಲ್ಲ ದಿಕ್ಕಿನವರೂ ನಿಂತಲ್ಲೇ ನಿಲ್ಲಬೇಕು.

6. ಬಲಕ್ಕೆ ಹೊರಳುವಾಗ ಚಿಗರಿ ನೆನಪಿರಲಿ

ಹುಬ್ಬಳ್ಳಿ–ಧಾರವಾಡ ನಡುವಿನ ಸುಮಾರು 22 ಕಿ.ಮೀ. ದಾರಿಯಲ್ಲಿ ಹೊರಗಿನಿಂದ ಬಂದವರು ಎಡವುವುದು ಇಲ್ಲೇ. ಬೇರೆ ಊರಿನಲ್ಲಿ ಬಲಕ್ಕೆ ಹೊರಳುವಾಗ ಎದುರಿನಿಂದ ಬರುವವರನ್ನು ನೋಡಿದರೆ ಸಾಕು. ಇಲ್ಲಿ ಬಸ್ ಲೇನ್ ನಿಮ್ಮ ಬಲಕ್ಕಿದೆ. ಅಂದರೆ ನಿಮ್ಮ ಹಿಂದಿನಿಂದಲೇ ಒಂದು ಚಿಗರಿ ಬಸ್ಸು ನಿಮ್ಮ ಬಲಗಡೆ ನೇರವಾಗಿ ಬರಬಹುದು. ಬಲಕ್ಕೆ ಬಾಣದ ಹಸಿರು ಬೀಳುವವರೆಗೆ ಕಾಯಿರಿ. ಬಿದ್ದ ಮೇಲೂ ಬಲಗನ್ನಡಿ ನೋಡಿ, ಕತ್ತು ತಿರುಗಿಸಿ ಒಮ್ಮೆ ಹಿಂದೆ ನೋಡಿ. ಬೈಕಿನವರು ಖಾಲಿ ಇದೆಯೆಂದು ಬಸ್ ಲೇನ್‌ಗೆ ನುಗ್ಗುವುದನ್ನು ನಾನು ದಿನಾ ನೋಡುತ್ತೇನೆ. ಎದೆ ಝಲ್ಲೆನ್ನುತ್ತದೆ.

7. ಸಿಗ್ನಲ್ ಕೆಟ್ಟಿದ್ದರೆ

ಹಳದಿ ಮಿಣುಕುತ್ತಿದ್ದರೆ ವೇಗ ಇಳಿಸಿ, ನೋಡಿ ಹೋಗಿ. ಕೆಂಪು ಮಿಣುಕುತ್ತಿದ್ದರೆ ಪೂರ್ತಿ ನಿಂತು, ನೋಡಿ ಹೋಗಿ. ಸರ್ಕಲ್‌ನಲ್ಲಿ ಆಗಲೇ ಸುತ್ತುತ್ತಿರುವವರಿಗೆ, ಅಂದರೆ ನಿಮ್ಮ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ. ಪೊಲೀಸರು ನಿಂತಿದ್ದರೆ ದೀಪ ಏನೇ ಹೇಳಲಿ, ಅವರ ಕೈ ನೋಡಿ.

8. ಹಿಂದೆ ಆಂಬುಲೆನ್ಸ್ ಬಂದರೆ

ಸುತ್ತಲಿನ ಊರುಗಳಿಂದ ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಆಸ್ಪತ್ರೆಗೆ ಬರುವ ಆಂಬುಲೆನ್ಸ್‌ಗಳು ಇದೇ ಹುಬ್ಬಳ್ಳಿ–ಧಾರವಾಡ ದಾರಿಯ, ಅಂದರೆ ಪಿ.ಬಿ. ರೋಡಿನ ಸಿಗ್ನಲ್‌ಗಳಲ್ಲಿ ಸಿಕ್ಕಿಕೊಳ್ಳುತ್ತವೆ. ದಾರಿ ಬಿಡದಿದ್ದರೆ ಕಾಯ್ದೆಯಲ್ಲಿ 10,000 ರೂಪಾಯಿ ದಂಡ ಇದೆ. ಆದರೆ ಬಹಳ ಮಂದಿ ದಾರಿ ಬಿಡದಿರುವುದು ಮನಸ್ಸಿಲ್ಲದೆ ಅಲ್ಲ, ಹೇಗೆ ಬಿಡಬೇಕು ಎಂದು ತಿಳಿಯದೆ. ಸೈರನ್ ಕೇಳಿದ ಕೂಡಲೇ ಗಾಬರಿಯಾಗಿ ಕೆಂಪಿನಲ್ಲಿ ಜಂಕ್ಷನ್ ನಡುವೆ ನುಗ್ಗಬೇಡಿ. ಕನ್ನಡಿಯಲ್ಲಿ ನೋಡಿ, ಅದು ಯಾವ ಬದಿಯಿಂದ ಬರುತ್ತಿದೆ ತಿಳಿದುಕೊಳ್ಳಿ. ಆದಷ್ಟು ಎಡಕ್ಕೆ ಸರಿಯಿರಿ. ಮುಂದಿನ ಸಾಲಿನವರು ಸುತ್ತ ನೋಡಿ ಒಂದು ಗಾಡಿಯಷ್ಟು ಮಾತ್ರ ಮುಂದೆ ಬಂದು ಓರೆಯಾಗಿ ನಿಂತರೆ ಹಿಂದಿನವರಿಗೂ ಸರಿಯಲು ಜಾಗ ಸಿಗುತ್ತದೆ. ಪಕ್ಕದವರಿಗೆ ಕೇಳಿಸಿಲ್ಲದಿದ್ದರೆ ಕೈ ಮಾಡಿ ಹೇಳಿ. ಆಂಬುಲೆನ್ಸ್ ಹೋದ ಮೇಲೆ ಅದರ ಬೆನ್ನು ಹತ್ತಬೇಡಿ. ಮತ್ತೆ ಗೆರೆಯ ಹಿಂದೆ ಬಂದು, ನಿಮ್ಮ ಹಸಿರು ಬೀಳುವವರೆಗೆ ನಿಲ್ಲಿ.